ಆ್ಯಪ್ ಆಟೊ-ಟ್ಯಾಕ್ಸಿಯಾಗ ಕುಂತಾಗ ಆಕ್ಸಿಡೆಂಟ್ ಆದ್ರ: ದವಾಖಾನಿ ಚೀಟಿಯಿಂದ ಕೋರ್ಟಿನ ತನಕ ಏನೇನ್ ಮಾಡಬೇಕು

ಹೋದ ವರ್ಷ ನಮ್ಮ ಅಕ್ಕ ಹುಬ್ಬಳ್ಳಿಯ ನವನಗರದಿಂದ ಚೆನ್ನಮ್ಮ ಸರ್ಕಲ್‌ಗೆ ಬರಾಕ ಆ್ಯಪ್‌ನಾಗ ಆಟೊ ಬುಕ್ ಮಾಡಿದ್ಲು. ಉಣಕಲ್ ದಾಟೂ ಮುಂದ ಹಿಂದಿಂದ ಒಂದು ಗೂಡ್ಸ್ ಗಾಡಿ ಬಂದು ಗುದ್ದಿ ಆಟೊ ಪಲ್ಟಿ ಆತು, ಆಕಿ ಬಲಗೈ ಮಣಿಕಟ್ಟು ಮುರೀತು. ಆಕಿ ಮನ್ಯಾಗ ಟೇಲರಿಂಗ್ ಮಾಡಾಕಿ, ಬಲಗೈ ಅಂದ್ರ ಮನಿ ನಡಸೂ ಕೈ. ಅಲ್ಲೇ ರಸ್ತೆದಾಗ ಇಬ್ರೂ ಡ್ರೈವರ್ ಸೇರಿ ‘ಅಕ್ಕಾರ, ಐದು ಸಾವಿರ ಕೊಡ್ತೀವ್ರೀ, ಕೇಸ್-ಗೀಸ್ ಬ್ಯಾಡ್ರಿ’ ಅಂದ್ರು, ಆಕಿ ನೋವಿನಾಗ ಹೂಂ ಅಂದ್ಲು. ಆಮ್ಯಾಲೆ ದವಾಖಾನಿಯಾಗ ಏನಾತ್ರೀ ಅಂತ ಕೇಳಿದ್ರ ‘ಆಟೊದಿಂದ ಬಿದ್ದೆ’ ಅಂದ್ಲು, ಅವ್ರು ‘ಬಿದ್ದು ಪೆಟ್ಟು’ ಅಂತ ಬರಕೊಂಡ್ರು. ಗುದ್ದಿದ ಗಾಡಿ ಸುದ್ದಿನ ಇಲ್ಲ ಅದ್ರಾಗ. ಆ ಎರಡು ಶಬ್ದ ಸರಿ ಮಾಡಾಕ ನಾವು ಎಷ್ಟು ತಿಂಗಳು ಓಡ್ಯಾಡಿವಿ ಅಂತ ನಮಗ ಗೊತ್ತು, ಇನ್ಶೂರೆನ್ಸ್ ಕಂಪನಿ ವಕೀಲರು ಇವತ್ತಿಗೂ ಅದನ್ನ ಹಿಡಕೊಂಡ ಮಾತಾಡ್ತಾರ.

ಅದಕ್ಕ ಈ ಲೇಖನ. ನಾ ವಕೀಲ ಅಲ್ಲ, ಆದ್ರ ಒಂದು ವರ್ಷ ಸ್ಟೇಷನ್, ದವಾಖಾನಿ, ಕೋರ್ಟು ಅಂತ ಅಡ್ಡಾಡಿ, ವಕೀಲರ ಕಡೆ ಕೇಳಿ, ಕಾಯ್ದೆ ಓದಿ ತಿಳಕೊಂಡದ್ದನ್ನ ಬರೀಲಿಕತ್ತೀನಿ. ನನ್ನ ಪ್ರಕಾರ ಇಂಥಾ ಕೇಸ್ ಕೋರ್ಟಿನಾಗ ಕೆಡೂದು ಕಡಿಮಿ, ಕೆಡೂದು ಮೊದಲನೇ ಎರಡು ದಿನದಾಗ.

ಮೊದಲ ಒಂದು ಮಾತು ಗಟ್ಟಿಯಾಗಿ ತಲಿಯಾಗ ಇಟ್ಕೊಳ್ರಿ. ಹಿಂದಿನ ಸೀಟಿನ್ಯಾಗ ಕುಂತವ್ರದ್ದು ತಪ್ಪು ಇರಂಗಿಲ್ಲ. ಎರಡು ಗಾಡಿ ಡಿಕ್ಕಿ ಆದಾಗ ಯಾರದು ತಪ್ಪು ಅಂತ ಆ ಇಬ್ರು ಜಗಳ ಮಾಡ್ಲಿ, ಪ್ಯಾಸೆಂಜರ್ ಮಾತ್ರ ಇಬ್ರಾಗ ಯಾರ ಮ್ಯಾಲೆ ಬೇಕಾದ್ರೂ, ಇಲ್ಲಾ ಇಬ್ರ ಮ್ಯಾಲೂ, ಪೂರ್ತಿ ಪರಿಹಾರ ಕೇಳಬಹುದು. 2015ರಾಗ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡೇತಿ. ಮತ್ತ ಹಳದಿ ಬೋರ್ಡ್ ಗಾಡಿ, ಅಂದ್ರ ಬಾಡಿಗಿ ಆಟೊ-ಟ್ಯಾಕ್ಸಿ ಇದ್ರ, ಅದ್ರ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಾಗ ಒಳಗ ಕುಂತ ಪ್ಯಾಸೆಂಜರ್ರೂ ಬರ್ತಾರ, ಮೋಟಾರು ವಾಹನ ಕಾಯ್ದೆ 147ನೇ ಕಲಂನಾಗ ಹಂಗ ಐತಿ. ಭಾಳ ಮಂದಿ ಥರ್ಡ್ ಪಾರ್ಟಿ ಅಂದ್ರ ರಸ್ತೆದಾಗ ನಡಕೊಂಡ ಹೋಗೋರಿಗೆ ಅಷ್ಟ ಅನಕೊಂಡಿರ್ತಾರ, ಹಂಗಲ್ಲ.

ಸ್ಪಾಟಿನಾಗ

ಜೀವ ಮೊದಲ. 108ಕ್ಕ ಫೋನ್ ಹಚ್ಚ್ರಿ, ಪೊಲೀಸರಿಗೆ 112, ಹೈವೇ ಮ್ಯಾಲೆ ಆದ್ರ 1033 ಕೂಡ ಐತಿ. ಬೈಪಾಸ್ ಮ್ಯಾಲೆ ಇದ್ರ ಗಾಡಿ ಹತ್ರ ನಿಂತು ಫೋಟೊ ಹೊಡ್ಯಾಕ ಹೋಗಬ್ಯಾಡ್ರಿ, ಮೊದಲ ಬದಿಗೆ ಬರ್ರಿ, ಅಲ್ಲಿ ಲಾರಿ ಬರೂ ಸ್ಪೀಡ್ ಎಲ್ಲಾರಿಗೂ ಗೊತ್ತೈತಿ. ಪೆಟ್ಟಾದವ್ರನ್ನ ನೋಡಿ ನಿಂತವ್ರು ‘ನಮಗ್ಯಾಕ ಪೊಲೀಸ್ ಕಿರಿಕಿರಿ’ ಅಂತ ಹಿಂದ ಸರಿದ್ರ ಅವರಿಗೆ ಹೇಳ್ರಿ, ಸಹಾಯ ಮಾಡಿದವ್ರ ಮ್ಯಾಲೆ ಯಾವ ಕೇಸೂ ಬರಂಗಿಲ್ಲ, ಹೆಸರು ಹೇಳೂದೂ ಕಡ್ಡಾಯ ಅಲ್ಲ, 134-ಎ ಕಲಂ ಅದಕ್ಕಂತನ ಐತಿ.

ಕೈಯಾಗ ಫೋನ್ ಹಿಡ್ಯಾಕ ಆದ್ರ, ಇಲ್ಲಾ ಜೊತಿಗಿದ್ದವ್ರಿಗೆ ಹೇಳಿ, ಎರಡೂ ಗಾಡಿ ನಂಬರ್ ಪ್ಲೇಟ್, ಗಾಡಿ ನಿಂತ ಜಾಗ, ರಸ್ತೆ, ಹತ್ರದ ಅಂಗಡಿ ಬೋರ್ಡ್ ಕಾಣೂ ಹಂಗ ನಾಕೈದು ಫೋಟೊ. ಅಂಗಡಿ ಬೋರ್ಡ್ ಯಾಕಂದ್ರ ಆಮ್ಯಾಲೆ ಅದ ಅಂಗಡಿಯವ್ರ ಸಿಸಿಟಿವಿ ಕೇಳಾಕ ಬರ್ತೈತಿ, ಮತ್ತ ಸಿಸಿಟಿವಿ ಭಾಳ ದಿನ ಉಳ್ಯಂಗಿಲ್ಲ, ಹಳೇದರ ಮ್ಯಾಲೆ ಹೊಸಾದು ರೆಕಾರ್ಡ್ ಆಗಿಬಿಡ್ತೈತಿ, ಎರಡು ಮೂರು ದಿನದಾಗ ಹೋಗಿ ಪೊಲೀಸರ ಮೂಲಕ ಕೇಳ್ರಿ. ನಂಬರ್ ಸಿಕ್ಕ್ರ ಎಂ-ಪರಿವಾಹನ್ ಆ್ಯಪ್‌ನಾಗ ಹಾಕಿ ನೋಡ್ರಿ, ಇನ್ಶೂರೆನ್ಸ್ ಚಾಲ್ತಿ ಐತೋ ಇಲ್ಲೋ, ಎಫ್‌ಸಿ (ಗಾಡಿ ಫಿಟ್ನೆಸ್ ಸರ್ಟಿಫಿಕೇಟ್) ಯಾವಾಗಿನ ತನಕ ಐತಿ ಅಂತ ತೋರಿಸ್ತೈತಿ. ಕೆಎ-63 ಇದ್ರ ಹುಬ್ಬಳ್ಳಿ, 25 ಧಾರವಾಡ, 26 ಗದಗ, 27 ಹಾವೇರಿ ಆರ್‌ಟಿಓ ಅಂತ ನಮ್ಮ ಕಡಿ ಮಂದಿಗೆ ಗೊತ್ತಿದ್ದದ್ದ, ಆಮ್ಯಾಲೆ ಓನರ್ ವಿವರ ಬೇಕಾದಾಗ ಅಲ್ಲೇ ಹೋಗಬೇಕಾಗ್ತೈತಿ.

ಇನ್ನ ಆ್ಯಪ್. ಇದು ಮಾಮೂಲಿ ಆಕ್ಸಿಡೆಂಟ್‌ಗೂ ಆ್ಯಪ್ ಗಾಡಿ ಆಕ್ಸಿಡೆಂಟ್‌ಗೂ ಇರೂ ದೊಡ್ಡ ಫರಕು. ಟ್ರಿಪ್ ಐಡಿ, ಡ್ರೈವರ್ ಹೆಸರು-ಫೋಟೊ, ಗಾಡಿ ನಂಬರ್, ಹತ್ತಿದ ಟೈಮು, ಮ್ಯಾಪಿನ ಗೆರಿ, ಇಷ್ಟೂ ಸ್ಕ್ರೀನ್‌ಶಾಟ್ ತಗೋರಿ, ಇಮೇಲ್‌ಗೆ ಬಂದ ಬಿಲ್ ಡಿಲೀಟ್ ಮಾಡಬ್ಯಾಡ್ರಿ. ಎಸ್‌ಓಎಸ್ ಬಟನ್ ಒತ್ರಿ, ಮತ್ತ ಆ್ಯಪ್‌ನ ಹೆಲ್ಪ್‌ನಾಗ ‘ಆಕ್ಸಿಡೆಂಟ್ ಆಗೇತಿ’ ಅಂತ ಬರದು ಕಳಸ್ರಿ, ಫೋನಿನಾಗ ಮಾತಾಡಿದ್ದಕ್ಕ ದಾಖಲೆ ಇರಂಗಿಲ್ಲ, ಬರದದ್ದಕ್ಕ ಇರ್ತೈತಿ. ಬುಕ್ ಮಾಡೂ ಮುಂದ ಎರಡೋ ಮೂರೋ ರೂಪಾಯಿ ಟ್ರಿಪ್ ಇನ್ಶೂರೆನ್ಸ್ ಅಂತ ಕಟ್ ಆಗಿದ್ರ ಅದ್ರ ಪಾಲಿಸಿ ಪಿಡಿಎಫ್ ಹುಡುಕಿ ಇಟ್ಕೊಳ್ರಿ, ಎಷ್ಟು ದಿನದಾಗ ತಿಳಸಬೇಕು ಅಂತ ಅದ್ರಾಗ ಇರ್ತೈತಿ. ಈ ರೊಕ್ಕ ಬ್ಯಾರೆ, ಗಾಡಿ ಇನ್ಶೂರೆನ್ಸ್‌ದಿಂದ ಬರೂ ಪರಿಹಾರ ಬ್ಯಾರೆ, ಒಂದು ತಗೊಂಡ್ರ ಇನ್ನೊಂದು ಹೋಗ್ತೈತಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಆದ್ರ ‘ಪೂರ್ಣ ಮತ್ತು ಅಂತಿಮ’ ಅಂತ ಬರದಿರೂ ಪತ್ರಕ್ಕ ಮಾತ್ರ ವಕೀಲರಿಗೆ ತೋರಸ್ದ ಸಹಿ ಮಾಡಬ್ಯಾಡ್ರಿ.

ಇಲ್ಲೇ ಒಂದು ಮಾತು ಹೇಳಬೇಕು. ರೈಲ್ವೆ ಸ್ಟೇಷನ್ ಹತ್ರ, ಹೊಸ ಬಸ್‌ಸ್ಟ್ಯಾಂಡ್ ಹತ್ರ ಎಷ್ಟೋ ಸಲ ಡ್ರೈವರ್ ‘ಕ್ಯಾನ್ಸಲ್ ಮಾಡ್ರೀ, ಹಂಗ ಹೋಗೂಣು, ಕ್ಯಾಶ್ ಕೊಡ್ರಿ’ ಅಂತಾರ, ನಾವೂ ಹತ್ತು ರೂಪಾಯಿ ಉಳೀತು ಅಂತ ಹೂಂ ಅಂತೀವಿ. ಆ ಕ್ಷಣಕ್ಕ ಟ್ರಿಪ್ಪಿನ ದಾಖಲೆ ಹೋತು, ಆ್ಯಪ್ ಕಂಪನಿ ‘ಇಂಥಾ ಪ್ರಯಾಣನ ಇಲ್ಲ’ ಅಂತೈತಿ, ಟ್ರಿಪ್ ಇನ್ಶೂರೆನ್ಸೂ ಇಲ್ಲ. ಗಾಡಿ ಇನ್ಶೂರೆನ್ಸ್ ಹಂಗ ಇರ್ತೈತಿ ಖರೆ, ಆದ್ರ ನೀವು ಆ ಗಾಡಿಯಾಗ ಇದ್ರಿ ಅಂತ ತೋರಸೂ ಸುಲಭ ಪುರಾವೆ ಕೈ ಬಿಟ್ಟು ಹೋತು. ದಯವಿಟ್ಟು ಹಂಗ ಮಾಡಬ್ಯಾಡ್ರಿ.

ರಾಜಿ ಬಗ್ಗೆ. ತರಚಿದ ಗಾಯ ಇದ್ರ ನಿಮ್ಮ ಮರ್ಜಿ. ಆದ್ರ ಊತ ಬಂದೈತಿ, ತಲಿಗೆ ಪೆಟ್ಟಾಗೇತಿ, ಎಕ್ಸ್‌ರೇ ಆಗಿಲ್ಲ ಅಂದ್ರ ಯಾವ ರಾಜಿಗೂ ಹೂಂ ಅನಬ್ಯಾಡ್ರಿ, ಪಾಪ ಬಡವ ಡ್ರೈವರ್ ಅಂತ ಮನಸ ಕರಗ್ತೈತಿ ಗೊತ್ತು, ನಮಗೂ ಕರಗಿತ್ತು. ಪರಿಹಾರದ ರೊಕ್ಕ ಆ ಬಡವನ ಕಿಸೆದಿಂದ ಬರೂದಲ್ಲ, ಇನ್ಶೂರೆನ್ಸ್ ಕಂಪನಿದಿಂದ ಬರೂದು, ಅವ ಅದಕ್ಕಂತ ಪ್ರತಿ ವರ್ಷ ಪ್ರೀಮಿಯಂ ಕಟ್ಟಿರ್ತಾನ. ಇದನ್ನ ಅವ್ರಿಗೂ ಸಮಾಧಾನದಿಂದ ಹೇಳ್ರಿ.

ದವಾಖಾನಿಯಾಗ

ಹುಬ್ಬಳ್ಳಿಯಾಗ ಕಿಮ್ಸ್, ಧಾರವಾಡದಾಗ ಸಿವಿಲ್ ಆಸ್ಪತ್ರೆ, ನಡುವ ಸತ್ತೂರಿನ ಎಸ್‌ಡಿಎಂ, ಗದಗದಾಗ ಜಿಮ್ಸ್, ಎಲ್ಲಿ ಹೋದ್ರೂ ಮೊದಲ ಕೇಳೂದು ‘ಏನಾತು’ ಅಂತ. ಉತ್ತರ ಪೂರ್ತಿ ಹೇಳ್ರಿ: ಇಂಥಾ ಟೈಮಿಗೆ, ಇಂಥಾ ಜಾಗದಾಗ, ಇಂಥಾ ನಂಬರಿನ ಆಟೊದಾಗ ಹೊಂಟಾಗ ಇಂಥಾ ಗಾಡಿ ಗುದ್ದಿ ಪೆಟ್ಟಾತು. ನಂಬರ್ ಗೊತ್ತಿಲ್ಲಾಂದ್ರ ಗೊತ್ತಿಲ್ಲ ಅನ್ರಿ, ಆದ್ರ ‘ಬಿದ್ದೆ’ ಅಂತ ಮಾತ್ರ ಅನಬ್ಯಾಡ್ರಿ. ‘ಎಂಎಲ್‌ಸಿ ಮಾಡ್ರಿ ಡಾಕ್ಟರ್’ ಅಂತ ಬಾಯಿಬಿಟ್ಟು ಹೇಳ್ರಿ. ಎಂಎಲ್‌ಸಿ ಅಂದ್ರ ಪೊಲೀಸರಿಗೆ ತಿಳಸೂ ಕೇಸು, ಅದಾದ್ರ ದವಾಖಾನಿಯವ್ರ ಸ್ಟೇಷನ್‌ಗೆ ಸುದ್ದಿ ಕಳಸ್ತಾರ, ಮುಂದ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ಬರೂದೂ ಅದ್ರ ಮ್ಯಾಲೆ. ಮಂದಿ ಕೇಸಿನ ಅಂಜಿಕಿಗೆ ‘ಮನ್ಯಾಗ ಮೆಟ್ಟಲ ಜಾರಿದ್ಲು’ ಅಂತ ಸುಳ್ಳು ಬರಸ್ತಾರ, ಎರಡು ತಿಂಗಳ ಮ್ಯಾಲೆ ಆಪರೇಷನ್ ಖರ್ಚು ಬಂದಾಗ ಕ್ಲೇಮ್ ಹಾಕಾಕ ಹೊಂಟ್ರ ಆ ಚೀಟಿನ ಅಡ್ಡ ನಿಂದರ್ತೈತಿ.

ಖರ್ಚಿನ ಬಗ್ಗೆ ಭಾಳ ಮಂದಿಗೆ ಗೊತ್ತಿಲ್ಲದ್ದು ಒಂದೈತಿ. 2025ರ ಮೇ ತಿಂಗಳಾಗ ಕೇಂದ್ರ ಸರ್ಕಾರ ರಸ್ತೆ ಅಪಘಾತದವ್ರಿಗೆ ಕ್ಯಾಶ್‌ಲೆಸ್ ಚಿಕಿತ್ಸೆ ಸ್ಕೀಮ್ ತಂತು. ಯೋಜನೆದಾಗ ಇರೂ ಆಸ್ಪತ್ರಿಯಾಗ ಆಕ್ಸಿಡೆಂಟ್ ಆದ ದಿನದಿಂದ 7 ದಿನದ ತನಕ, ಒಬ್ರಿಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ, ಬಡವ ಶ್ರೀಮಂತ ಅಂತ ಭೇದ ಇಲ್ಲ, ಬಿಪಿಎಲ್ ಕಾರ್ಡ್ ಬೇಕಂತನೂ ಇಲ್ಲ. ಆಸ್ಪತ್ರಿ ಯೋಜನೆದಾಗ ಇಲ್ಲಾಂದ್ರ ಜೀವ ಸ್ಥಿರ ಮಾಡೂ ಮಟ್ಟಿಗೆ ಅಷ್ಟ. ಇದು ಸಿಗಬೇಕಂದ್ರ ಇದು ರಸ್ತೆ ಅಪಘಾತ ಅಂತ ಪೊಲೀಸರ ಕಡಿಂದ ದೃಢ ಆಗಬೇಕು, ಅಂದ್ರ ಇಲ್ಲೂ ‘ಬಿದ್ದೆ’ ಅಂದ್ರ ಹೋತು. ಅಡ್ಮಿಟ್ ಆಗೂ ಮುಂದ ಕೌಂಟರ್‌ನಾಗ ಕೇಳ್ರಿ. ಬಿಪಿಎಲ್ ಕುಟುಂಬ ಇದ್ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಾಗ ವರ್ಷಕ್ಕ 5 ಲಕ್ಷದ ತನಕ ಬ್ಯಾರೆ ಐತಿ.

ಬಿಲ್ಲು ಒಂದೂ ಒಗೀಬ್ಯಾಡ್ರಿ. ಔಷಧ ಅಂಗಡಿ ಬಿಲ್ಲಿನ ಮ್ಯಾಲೆ ಪೇಷಂಟ್ ಹೆಸರು ಬರಸ್ರಿ. ಗದಗಿಂದ ಹುಬ್ಬಳ್ಳಿಗೆ ತೋರಸಾಕ ಬಂದ ಗಾಡಿ ಬಾಡಿಗಿ, ಬಸ್ ಟಿಕೆಟ್, ಫಿಜಿಯೊಥೆರಪಿ ಚೀಟಿ, ಮನಿಕೆಲಸಕ್ಕ ಒಬ್ರನ್ನ ಇಟ್ಕೊಂಡ್ರ ಅವ್ರಿಗೆ ಕೊಟ್ಟದ್ದು, ಎಲ್ಲಾ ಒಂದು ಫೈಲಿನ್ಯಾಗ. ಎಕ್ಸ್‌ರೇ ಫಿಲಂ ಕಳಕೋಬ್ಯಾಡ್ರಿ, ಡಿಸ್‌ಚಾರ್ಜ್ ಸಮರಿಯಾಗ ಹೆಸರು, ವಯಸ್ಸು, ಪೆಟ್ಟಾದದ್ದು ಎಡಗೈಯೋ ಬಲಗೈಯೋ ಅಂತ ಸರಿ ಐತೇನು ಅಲ್ಲೇ ನಿಂತು ಓದ್ರಿ. ಸಣ್ಣ ತಪ್ಪು ಅವತ್ತ ತಿದ್ದಿಸಿಕೊಳ್ಳೂದು ಐದು ನಿಮಿಷದ ಕೆಲಸ, ಆಮ್ಯಾಲೆ ಆರು ತಿಂಗಳದ ಕೆಲಸ. ನಿಮ್ಮ ಸ್ವಂತ ಮೆಡಿಕ್ಲೇಮ್ ಇದ್ರ ಒರಿಜಿನಲ್ ಬಿಲ್ಲು ಅವ್ರ ಕಡೆ ಹೋಗ್ತಾವು, ಹಂಗಾಗಿ ಆಸ್ಪತ್ರಿ ಸೀಲ್ ಹಾಕಿದ ಇನ್ನೊಂದು ಸೆಟ್ ಮೊದಲ ತಗೊಂಡಿರ್ರಿ.

ಪೊಲೀಸ್ ಸ್ಟೇಷನ್

ಹುಬ್ಬಳ್ಳಿ-ಧಾರವಾಡದಾಗ ಟ್ರಾಫಿಕ್ ಠಾಣೆಗಳು ಬ್ಯಾರೆ ಅದಾವು, ಆಕ್ಸಿಡೆಂಟ್ ಆದ ಜಾಗ ಯಾವ ಠಾಣೆ ಹದ್ದಿನ್ಯಾಗ ಬರ್ತೈತೋ ಅಲ್ಲಿ ಕೇಸ್ ಆಗ್ತೈತಿ. ನಮ್ಮದಲ್ಲ ಅಲ್ಲಿ ಹೋಗ್ರಿ, ಇಲ್ಲಿ ಹೋಗ್ರಿ ಅಂತ ಕಳಿಸಿದ್ರ ‘ಝೀರೊ ಎಫ್‌ಐಆರ್ ಮಾಡ್ರೀ ಸರ್’ ಅಂತ ಕೇಳ್ರಿ, ಬಿಎನ್‌ಎಸ್‌ಎಸ್ (ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾಯ್ದೆ) 173ನೇ ಕಲಂ ಪ್ರಕಾರ ಯಾವ ಠಾಣೆಯಾದ್ರೂ ಬರಕೊಳ್ಳಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ತಗೊಳ್ಳಾಕ ಒಲ್ಲೆ ಅಂದ್ರ ಹುಬ್ಬಳ್ಳಿ-ಧಾರವಾಡದಾಗ ಕಮಿಷನರ್ ಕಚೇರಿಗೆ, ಗದಗ-ಹಾವೇರಿಯಾಗ ಎಸ್‌ಪಿಗೆ ಬರದು ಅಂಚೆಯಾಗ ಕಳಸಬಹುದು. ಅಪಘಾತ ಮಾಡಿದ ಡ್ರೈವರಿಗೂ ಕಾಯ್ದೆ ಐತಿ: ಪೆಟ್ಟಾದವ್ರಿಗೆ ಚಿಕಿತ್ಸೆ ಕೊಡಸಬೇಕು, 24 ತಾಸಿನ್ಯಾಗ ಪೊಲೀಸರಿಗೆ ತಿಳಸಬೇಕು.

ಕಂಪ್ಲೇಂಟ್ ನಿಮ್ಮ ಮಾತಿನಾಗ ಬರೀರಿ, ಯಾರೋ ಬರದದ್ದಕ್ಕ ಓದಲಾರ್ದ ಸಹಿ ಮಾಡಬ್ಯಾಡ್ರಿ. ತಡ ಆತು ಅಂದ್ರ ಯಾಕ ತಡ ಆತು ಅನ್ನೂದನ್ನೂ ಬರೀರಿ (ಆಪರೇಷನ್ ಇತ್ತು, ಮನ್ಯಾಗ ಬ್ಯಾರೆ ಯಾರೂ ಇರಲಿಲ್ಲ, ಏನಿತ್ತೋ ಅದು). ನಮ್ಮದು ಮೂರನೇ ದಿನಕ್ಕ ಆದದ್ದು, ತಡ ಆದಕ್ಕ ಕೇಸ್ ಬಿದ್ದ ಹೋಗಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಾಗ ಹೇಳೇತಿ, ಆದ್ರ ಕಾರಣ ಮಾತ್ರ ಕೊಡಬೇಕು. ಆ್ಯಪ್‌ನ ಟ್ರಿಪ್ ಬಿಲ್ಲು ನಮ್ಮ ಕೈ ಹಿಡೀತು, ‘ಬಿದ್ದು ಪೆಟ್ಟು’ ಅಂತ ಚೀಟಿ ಇದ್ರೂ ಅದ ಟೈಮಿಗೆ ಅದ ಆಟೊ ಉಣಕಲ್‌ನಾಗ ಇತ್ತು ಅನ್ನೂದು ಅದ್ರಿಂದ ಸಾಬೀತಾತು.

ಇನ್ನೊಂದು, ಇದನ್ನ ಕೈ ಮುಗದು ಹೇಳ್ತೀನಿ: ಗುದ್ದಿದ ಗಾಡಿಗೆ ಇನ್ಶೂರೆನ್ಸ್ ಇಲ್ಲ ಅಂತ ಗೊತ್ತಾದ ಮ್ಯಾಲೆ ಯಾರೋ ಏಜೆಂಟ್ ಬಂದು ‘ಬ್ಯಾರೆ ಗಾಡಿ ತೋರಸೂಣು, ಡ್ರೈವರ್ ಬದಲ ಮಾಡೂಣು’ ಅಂದ್ರ ಅವನ್ನ ಮನಿ ಒಳಗ ಬಿಟ್ಕೋಬ್ಯಾಡ್ರಿ. ಸಿಕ್ಕುಬಿದ್ರ ಪರಿಹಾರನೂ ಹೋತು, ಪೆಟ್ಟಾದವ್ರ ಮ್ಯಾಲೇ ಕ್ರಿಮಿನಲ್ ಕೇಸು.

ಎಫ್‌ಐಆರ್ ಆದ ಮ್ಯಾಲೆ ಪೊಲೀಸರು ಸ್ಪಾಟ್ ಪಂಚನಾಮೆ, ಸ್ಕೆಚ್, ಮೋಟಾರು ವಾಹನ ಇನ್‌ಸ್ಪೆಕ್ಟರ್ ರಿಪೋರ್ಟ್, ಕೊನಿಗೆ ಚಾರ್ಜ್‌ಶೀಟ್ ಮಾಡ್ತಾರ. 2022ರ ಹೊಸ ನಿಯಮದ ಪ್ರಕಾರ ತನಿಖಾಧಿಕಾರಿ 48 ತಾಸಿನ್ಯಾಗ ಮೊದಲ ಅಪಘಾತ ವರದಿಯನ್ನ ಕ್ಲೇಮ್ಸ್ ಟ್ರಿಬ್ಯುನಲ್‌ಗೆ, ಇನ್ಶೂರೆನ್ಸ್ ಕಂಪನಿಗೆ ಕಳಸಬೇಕು, 10 ದಿನದಾಗ ನಿಮ್ಮ ಹಕ್ಕೇನು ಅಂತ ಬರದ ಫಾರಂ ನಿಮಗ ಕೊಡಬೇಕು, 90 ದಿನದಾಗ ವಿವರವಾದ ವರದಿ (ಡಿಎಆರ್) ಆಗಬೇಕು. ಇದನ್ನ ನೀವ ಕೇಳ್ರಿ, ಮರ್ಯಾದಿಂದ ಕೇಳ್ರಿ, ‘ಸರ್, ಡಿಎಆರ್ ಹೋತೇನ್ರಿ’ ಅಂದ್ರ ಇವ್ರಿಗೆ ವಿಷಯ ಗೊತ್ತೈತಿ ಅಂತ ಅವ್ರಿಗೂ ತಿಳೀತೈತಿ. ಆ ವರದಿನ ಟ್ರಿಬ್ಯುನಲ್ ಪರಿಹಾರದ ಅರ್ಜಿ ಅಂತ ತಗೋಬಹುದು ಅಂತ ಕಾಯ್ದೆ ಐತಿ, ಆದ್ರೂ ಅದನ್ನ ನಂಬಿ ಸುಮ್ನ ಕೂಡಬ್ಯಾಡ್ರಿ, ನಿಮ್ಮ ಅರ್ಜಿ ನೀವು ಹಾಕ್ರಿ.

ಕ್ಲೇಮ್ ಎಲ್ಲಿ, ಎಷ್ಟು ದಿನದಾಗ

ಕೋರ್ಟಿನ ಹೆಸರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ವಕೀಲರ ಬಾಯಾಗ ಎಂಎಸಿಟಿ ಅಥವಾ ಎಂವಿಸಿ ಕೇಸ್. ನಮ್ಮಲ್ಲಿ ಜಿಲ್ಲಾ ಕೋರ್ಟು, ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟುಗಳ ಈ ಕೆಲಸ ಮಾಡ್ತಾವು. ಅಪಘಾತ ಆದ ಊರಿನ್ಯಾಗ ಹಾಕಬಹುದು, ನೀವು ಇರೂ ಊರಿನ್ಯಾಗ ಹಾಕಬಹುದು, ಎದುರಿನವ್ರು ಇರೂ ಊರಿನ್ಯಾಗೂ ಹಾಕಬಹುದು. ಅಂದ್ರ ರಾಣೆಬೆನ್ನೂರಿನವ್ರು ಹುಬ್ಬಳ್ಳಿಯಾಗ ಪೆಟ್ಟು ಮಾಡ್ಕೊಂಡ್ರ ಪ್ರತಿ ಹಿಯರಿಂಗ್‌ಗೆ ಹುಬ್ಬಳ್ಳಿಗೆ ಬರಬೇಕಿಲ್ಲ. 2021ರ ಜನವರಿಯಾಗ ಇಟಿಗಟ್ಟಿ ಹತ್ರ ಬೈಪಾಸ್ ಮ್ಯಾಲೆ ದಾವಣಗೆರೆ ಹೆಣ್ಮಕ್ಕಳು ತೀರಿಕೊಂಡದ್ದು ನಮ್ಮ ಕಡಿ ಯಾರೂ ಮರತಿಲ್ಲ, ಅಂಥಾ ಮನಿಯವ್ರಿಗೆ ತಮ್ಮ ಊರಾಗ ಅರ್ಜಿ ಹಾಕೂ ಹಕ್ಕು ಇರೂದು ಇದ ನಿಯಮದಿಂದ.

ಟೈಮು 6 ತಿಂಗಳು. ಮೊದಲ ಮಿತಿ ಇರಲಿಲ್ಲ, 2019ರ ತಿದ್ದುಪಡಿಯಿಂದ, 2022ರ ಏಪ್ರಿಲ್ 1ರಿಂದ ಇದು ಜಾರಿಗೆ ಬಂತು. ಹಳೇ ಕಾಲದವ್ರು ‘ಯಾವಾಗರ ಹಾಕಿದ್ರಾತು, ಮೊದಲ ಕೈ ನೆಟ್ಟಗಾಗ್ಲಿ’ ಅಂತಾರ, ಅವ್ರ ಮಾತು ಕೇಳಬ್ಯಾಡ್ರಿ. ಈ ಮಿತಿ ಪ್ರಶ್ನೆ ಮಾಡಿದ ಅರ್ಜಿಗಳು ಸುಪ್ರೀಂ ಕೋರ್ಟಿನ್ಯಾಗ ಇದ್ದು, ತಡ ಆತು ಅನ್ನೂ ಒಂದ ಕಾರಣಕ್ಕ ಅರ್ಜಿ ವಜಾ ಮಾಡಬ್ಯಾಡ್ರಿ ಅಂತ 2025ರ ನವೆಂಬರ್‌ನಾಗ ಮಧ್ಯಂತರ ಆದೇಶ ಆಗೇತಿ, ಹಂಗಾಗಿ ದಾಟಿದವ್ರೂ ಕೈ ಚೆಲ್ಲಿ ಕೂಡಬ್ಯಾಡ್ರಿ, ಲಗೂನ ವಕೀಲರನ್ನ ನೋಡ್ರಿ. ಆದ್ರ ಇನ್ನೂ ಟೈಮ್ ಇದ್ದವ್ರು 6 ತಿಂಗಳ ಒಳಗ ಹಾಕೂದ ಶಾಣ್ಯಾತನ.

ಅರ್ಜಿಯಾಗ ಎರಡೂ ಗಾಡಿ ಓನರ್, ಎರಡೂ ಇನ್ಶೂರೆನ್ಸ್ ಕಂಪನಿ ಹಾಕಸ್ರಿ. ತಪ್ಪು ಯಾರದು ಅಂತ ಸಾಬೀತು ಮಾಡಲಾರ್ದನೂ ಒಂದು ದಾರಿ ಐತಿ, 164ನೇ ಕಲಂ: ಜೀವ ಹೋದ್ರ 5 ಲಕ್ಷ, ಗಂಭೀರ ಗಾಯಕ್ಕ 2.5 ಲಕ್ಷ, ಎಲುಬು ಮುರದ್ರ ಅದು ಕಾಯ್ದೆ ಪ್ರಕಾರ ಗಂಭೀರ ಗಾಯನ. ತಪ್ಪು ಸಾಬೀತು ಮಾಡಿ ಪೂರ್ತಿ ಲೆಕ್ಕದ ಪರಿಹಾರ ಕೇಳೂದು 166ನೇ ಕಲಂ. ಯಾವುದ್ರಾಗ ಹೋಗಬೇಕು ಅನ್ನೂದು ನಿಮ್ಮ ಕೇಸು ನೋಡಿ ವಕೀಲರ ಹೇಳಬೇಕು. ಗುದ್ದಿ ಓಡಿ ಹೋದ ಗಾಡಿ ಸಿಗಲೇ ಇಲ್ಲಾಂದ್ರ ಸರ್ಕಾರದ ಹಿಟ್ ಅಂಡ್ ರನ್ ಸ್ಕೀಮಿನ್ಯಾಗ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕ 50 ಸಾವಿರ ಐತಿ, ಆದ್ರ ನೀವು ಆ್ಯಪ್ ಆಟೊದಾಗ ಇದ್ರಿ ಅಂದ್ರ ಆ ಆಟೊ ಇನ್ಶೂರೆನ್ಸ್ ಕೈಯಾಗ ಇರ್ತೈತಿ, ಅದನ್ನ ಮೊದಲ ನೋಡ್ರಿ.

ಬಿಳಿ ಬೋರ್ಡ್ ಗಾಡಿಯಾಗ ಬಾಡಿಗಿ ಕೊಟ್ಟು ಹೋಗಿದ್ರ ತೊಂದ್ರಿ ಐತಿ. ಸ್ವಂತಕ್ಕ ಅಂತ ಪಾಲಿಸಿ ಮಾಡಿಸಿ ಬಾಡಿಗಿಗೆ ಓಡಸಿದ್ರ ಕಂಪನಿ ‘ಷರತ್ತು ಮುರದಾನ, ನಾವು ಕೊಡಂಗಿಲ್ಲ’ ಅಂತೈತಿ. ಹಿಂಗಿದ್ದಾಗ ಕೋರ್ಟು ಎಷ್ಟೋ ಕೇಸಿನ್ಯಾಗ ‘ಮೊದಲ ನೀವು ಕೊಡ್ರಿ, ಆಮ್ಯಾಲೆ ಓನರ್ ಕಡಿಂದ ವಸೂಲಿ ಮಾಡ್ಕೊಳ್ರಿ’ ಅಂದೈತಿ. ಬೈಕ್ ಹಿಂದ ಕುಂತವ್ರಿಗೆ ಇನ್ನೂ ಕಷ್ಟ, ಬರೇ ಥರ್ಡ್ ಪಾರ್ಟಿ ಪಾಲಿಸಿ ಇದ್ರ ಖಾಸಗಿ ಬೈಕಿನ ಹಿಂದಿನ ಸವಾರ ಅದ್ರಾಗ ಬರಂಗಿಲ್ಲ, ಪ್ಯಾಕೇಜ್ ಪಾಲಿಸಿ (ಮಂದಿ ಫುಲ್ ಇನ್ಶೂರೆನ್ಸ್ ಅನ್ನೂದು) ಇದ್ರ ಬರ್ತಾನ. ಹಂಗಾಗಿ ಹತ್ತೂ ಮುಂದ ಬೋರ್ಡಿನ ಬಣ್ಣ ಒಮ್ಮೆ ನೋಡ್ರಿ.

ಎಷ್ಟು ಬರ್ತೈತಿ ಅನ್ನೂ ಲೆಕ್ಕ

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ಇದು ಗೊತ್ತಿಲ್ಲದ ಮಂದಿ ಇಪ್ಪತ್ತು ಸಾವಿರಕ್ಕ ಸಹಿ ಹಾಕಿ ಬರ್ತಾರ. ಗಾಯದ ಕೇಸಿನ್ಯಾಗ ಔಷಧ ಖರ್ಚು, ನೋವು-ಸಂಕಟ, ಕೆಲಸ ಬಿಟ್ಟ ತಿಂಗಳದ ಆದಾಯ, ಊಟ-ಆರೈಕಿ-ಓಡಾಟ, ಮುಂದ ಎಲುಬಿಗೆ ಹಾಕಿದ ಪ್ಲೇಟ್ ತಗ್ಯೂ ಆಪರೇಷನ್ ಖರ್ಚು, ಇಷ್ಟು ಒಂದು ಕಡೆ. ಇನ್ನೊಂದು ಕಡೆ ಕಾಯಂ ಊನ ಆದ್ರ ಮುಂದಿನ ಆದಾಯದ ನಷ್ಟ, ದೊಡ್ಡ ರೊಕ್ಕ ಅಲ್ಲಿರ್ತೈತಿ.

ಅದ್ರ ಸೂತ್ರ ಹಿಂಗ: ವರ್ಷದ ಆದಾಯ, ಗುಣಿಸು ವಯಸ್ಸಿನ ಗುಣಕ, ಗುಣಿಸು ಊನದ ಪ್ರಮಾಣ. ವಯಸ್ಸಿನ ಗುಣಕ 2009ರ ಸರಳಾ ವರ್ಮಾ ತೀರ್ಪಿನಿಂದ ಬಂದದ್ದು: 26ರಿಂದ 30ಕ್ಕ 17, 31ರಿಂದ 35ಕ್ಕ 16, 36ರಿಂದ 40ಕ್ಕ 15, 41ರಿಂದ 45ಕ್ಕ 14, 46ರಿಂದ 50ಕ್ಕ 13, 51ರಿಂದ 55ಕ್ಕ 11, ಹಿಂಗ ಇಳಕೋತ ಹೋಗ್ತೈತಿ. ನಮ್ಮ ಅಕ್ಕಗ 34, ತಿಂಗಳಿಗೆ 15 ಸಾವಿರ ದುಡೀತಿದ್ಲು ಅಂತ ಹಿಡೀರಿ. ವರ್ಷಕ್ಕ 1,80,000, ಅದನ್ನ 16ರಿಂದ ಗುಣಿಸಿದ್ರ 28,80,000. ಊನ 10% ಅಂದ್ರ 2,88,000, 20% ಅಂದ್ರ 5,76,000. ನೋಡ್ರಿ, ಶೇಕಡಾ ಹತ್ತರ ಫರಕಿಗೆ ಎರಡೂ ಮುಕ್ಕಾಲು ಲಕ್ಷದ ಮ್ಯಾಲೆ ಫರಕು.

ಇಲ್ಲೇ ಸೂಕ್ಷ್ಮ ಇರೂದು. ಡಾಕ್ಟರ್ ‘ಬಲಗೈಗೆ 30% ಊನ’ ಅಂತ ಬರೀತಾರ, ಕಂಪನಿ ವಕೀಲರು ಇಡೀ ದೇಹಕ್ಕ ಹಚ್ಚಿದ್ರ ಮೂರನೇ ಒಂದು ಪಾಲು, 10% ಅಷ್ಟ ಅಂತಾರ. ಆದ್ರ 2010ರಾಗ ರಾಜ್ ಕುಮಾರ್ ತೀರ್ಪಿನ್ಯಾಗ ಸುಪ್ರೀಂ ಕೋರ್ಟ್ ಹೇಳಿದ್ದು, ದೇಹಕ್ಕ ಎಷ್ಟು ಊನ ಅನ್ನೂದಲ್ಲ, ದುಡ್ಯೂ ಶಕ್ತಿಗೆ ಎಷ್ಟು ಹೊಡತ ಬಿತ್ತು ಅನ್ನೂದು ನೋಡಬೇಕು ಅಂತ. ಮಣಿಕಟ್ಟು ತಿರಗಲಿಲ್ಲಾಂದ್ರ ಬ್ಯಾಂಕ್ ಕ್ಲರ್ಕಿಗೂ ಟೇಲರಿಗೂ ಒಂದ ನಷ್ಟ ಅಲ್ಲ, ಕತ್ತರಿ ಹಿಡ್ಯಾಕ ಆಗಲಾರ್ದ ಟೇಲರಿಗೆ ಕಸಬ ಹೋದಂಗ. ಅದಕ್ಕ ಕೆಲಸ ಏನು, ಆ ಕೆಲಸಕ್ಕ ಆ ಕೈ ಹೆಂಗ ಬೇಕು ಅನ್ನೂದನ್ನ ಸಾಕ್ಷಿಯಾಗ ಬಿಡಿಸಿ ಹೇಳಬೇಕು, ಮತ್ತ ಆ ಡಾಕ್ಟರ್ ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕು, ಬರೇ ಸರ್ಟಿಫಿಕೇಟ್ ಇಟ್ರ ಸಾಲಂಗಿಲ್ಲ. ನಮ್ಮ ಕೇಸ್ ಇನ್ನೂ ನಡದೈತಿ, ಅಕ್ಕನ ಹಳೇ ಗಿರಾಕಿಗಳು ಇಬ್ರು ಬಂದು ‘ಮೊದಲ ವಾರಕ್ಕ ಇಷ್ಟು ಬ್ಲೌಸ್ ಹೊಲೀತಿದ್ರು’ ಅಂತ ಸಾಕ್ಷಿ ಹೇಳ್ಯಾರ.

ಆದಾಯದ ದಾಖಲೆ ಇಲ್ಲಾಂದ್ರ ಚಿಂತಿ ಮಾಡಬ್ಯಾಡ್ರಿ. ಫೋನ್‌ಪೇ-ಗೂಗಲ್‌ಪೇ ಬಂದ ಪಟ್ಟಿ, ಗಿರಾಕಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಇಡ್ರಿ. ಏನೂ ಇಲ್ಲಾಂದ್ರೂ ಕೋರ್ಟು ಅಂದಾಜು ಆದಾಯ ಹಿಡೀತೈತಿ, ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಪಟ್ಟಿನ ಅದಕ್ಕ ನೋಡ್ತಾರ. ಮನಿ ನೋಡಿಕೊಳ್ಳೂ ಹೆಣ್ಮಕ್ಕಳಿಗೂ ಆದಾಯ ಐತಿ ಅಂತನ ಲೆಕ್ಕ, ‘ಆಕಿಗೇನು ಪಗಾರ ಇಲ್ಲಲ್ಲ’ ಅಂತ ಬಿಡಬ್ಯಾಡ್ರಿ. ಸಾವಿನ ಕೇಸಿನ್ಯಾಗ 2017ರ ಪ್ರಣಯ್ ಸೇಠಿ ತೀರ್ಪಿನ ಪ್ರಕಾರ ಸ್ವಂತ ದುಡಿಮಿಯವ್ರು 40ರ ಒಳಗಿದ್ರ ಆದಾಯಕ್ಕ 40%, 40ರಿಂದ 50ಕ್ಕ 25%, 50ರಿಂದ 60ಕ್ಕ 10% ಮುಂದಿನ ಬೆಳವಣಿಗಿ ಅಂತ ಕೂಡಸ್ತಾರ, ಕಾಯಂ ಊನದ ಕೇಸಿನ್ಯಾಗೂ ಇದನ್ನ ಕೇಳಬಹುದು.

ನಿಮ್ಮ ಸ್ವಂತ ಪಾಲಿಸಿ, ಮತ್ತ ಡ್ರೈವರ್ ಅಣ್ಣಂದಿರಿಗೆ

ಬ್ಯಾಂಕ್ ಪಾಸ್‌ಬುಕ್ ತಗದು ನೋಡ್ರಿ, ಮೇ ಕೊನಿಗೆ ಇಲ್ಲಾ ಜೂನ್ ಸುತ್ತ 20 ರೂಪಾಯಿ ಕಟ್ ಆಗಿದ್ರ ಅದು ಪ್ರಧಾನ ಮಂತ್ರಿ ಸುರಕ್ಷಾ ಬೀಮಾ ಇರ್ತೈತಿ. ಸಾವು ಅಥವಾ ಪೂರ್ಣ ಊನಕ್ಕ 2 ಲಕ್ಷ, ಒಂದು ಕೈ ಅಥವಾ ಒಂದು ಕಾಲು ಅಥವಾ ಒಂದು ಕಣ್ಣು ಕಾಯಂ ಹೋದ್ರ 1 ಲಕ್ಷ. ಮನಿಯವ್ರಿಗೆ ಗೊತ್ತ ಇರಂಗಿಲ್ಲ, 30 ದಿನದಾಗ ಬ್ಯಾಂಕಿಗೆ ಫಾರಂ ಕೊಡಬೇಕು. ಎಲ್‌ಐಸಿ, ಸ್ವಂತ ಅಪಘಾತ ವಿಮೆ ರೊಕ್ಕ ಬಂತು ಅಂತ ಟ್ರಿಬ್ಯುನಲ್ ಪರಿಹಾರ ಕಡಿಮಿ ಮಾಡಂಗಿಲ್ಲ. ಸ್ವಂತ ಪಾಲಿಸಿ ಕಂಪನಿ ಸತಾಯಿಸಿದ್ರ ಮೊದಲ ಅವ್ರಿಗ ಲಿಖಿತ ದೂರು, ಆಮ್ಯಾಲೆ ಬಿಮಾ ಭರೋಸಾ (ವಿಮಾ ನಿಯಂತ್ರಣ ಪ್ರಾಧಿಕಾರದ ದೂರು ಪೋರ್ಟಲ್) ಅಥವಾ 155255, ಅದ್ರ ಮ್ಯಾಲೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್, ಅಲ್ಲಿ ಫೀ ಇಲ್ಲ. ಆ್ಯಪ್ ಕಂಪನಿ ಸೇವಾ ಲೋಪ ಇದ್ರ ಗ್ರಾಹಕ ಆಯೋಗಕ್ಕ 2 ವರ್ಷದಾಗ ಹೋಗಬಹುದು, ಸಹಾಯವಾಣಿ 1915.

ಡ್ರೈವರ್ ಅಣ್ಣಂದಿರಿಗೂ ಪೆಟ್ಟಾಗ್ತೈತಿ, ಅವ್ರ ಸುದ್ದಿ ಯಾರೂ ಬರ್ಯಂಗಿಲ್ಲ. ಗಾಡಿ ನಿಮ್ಮ ಹೆಸರಿನ್ಯಾಗ ಇದ್ದು ಡಿಎಲ್ ಚಾಲ್ತಿ ಇದ್ರ ಓನರ್-ಡ್ರೈವರ್ ವೈಯಕ್ತಿಕ ಅಪಘಾತ ವಿಮೆ 15 ಲಕ್ಷದ್ದು ಪಾಲಿಸಿಯಾಗ ಐತೇನು ನೋಡ್ರಿ. ಬ್ಯಾರೆಯವ್ರ ಗಾಡಿ ಓಡಸ್ತಿದ್ರ ಸಾಮಾಜಿಕ ಭದ್ರತಾ ಸಂಹಿತೆಯಾಗ (2025ರ ನವೆಂಬರ್ ತನಕ ನೌಕರರ ಪರಿಹಾರ ಕಾಯ್ದೆ ಇತ್ತು) ಓನರ್ ಮ್ಯಾಲೆ ಹಕ್ಕು ಐತಿ. ಕೇಂದ್ರದ ಮಾರ್ಗಸೂಚಿ ಪ್ರಕಾರ ಆ್ಯಪ್ ಕಂಪನಿ ಡ್ರೈವರಿಗೆ 5 ಲಕ್ಷದ ಆರೋಗ್ಯ ವಿಮೆ, 10 ಲಕ್ಷದ ಟರ್ಮ್ ವಿಮೆ ಮಾಡಿಸಿರಬೇಕು, ಕೇಳ್ರಿ. ಮತ್ತ ಕರ್ನಾಟಕದಾಗ 2025ರಾಗ ಗಿಗ್ ಕಾರ್ಮಿಕರ (ಆ್ಯಪ್ ಮ್ಯಾಲೆ ದುಡ್ಯೂ ಮಂದಿ) ಕಾಯ್ದೆ ಬಂದೈತಿ, ಅದ್ರಾಗ ನೋಂದಣಿ ಮಾಡಸ್ರಿ.

ವಕೀಲರು, ಲೋಕ ಅದಾಲತ್, ಮುಂದ

ದವಾಖಾನಿ ವಾರ್ಡಿನ್ಯಾಗ ಬಂದು ಸಹಿ ಕೇಳೂ ಏಜೆಂಟರಿಗೆ ಕಾಗದ ಕೊಡಬ್ಯಾಡ್ರಿ. ಬಂದ ಪರಿಹಾರದಾಗ ಇಷ್ಟು ಪರ್ಸೆಂಟ್ ನನಗ ಅಂತ ವಕೀಲರು ಕರಾರು ಮಾಡೂದು ಬಾರ್ ಕೌನ್ಸಿಲ್ ನಿಯಮದ ಪ್ರಕಾರ ತಪ್ಪು, ಫೀ ಎಷ್ಟು ಅಂತ ಮೊದಲ ಮಾತಾಡ್ರಿ, ಖಾಲಿ ವಕಾಲತ್ತು ಕಾಗದಕ್ಕ, ಖಾಲಿ ಚೆಕ್ಕಿಗೆ ಸಹಿ ಬ್ಯಾಡ. ಹೆಣ್ಮಕ್ಕಳು, ಮಕ್ಕಳು, ಎಸ್‌ಸಿ-ಎಸ್‌ಟಿ, ಅಂಗವಿಕಲರಿಗೆ ಆದಾಯ ಎಷ್ಟಿದ್ರೂ ಸರ್ಕಾರದ ಪುಕ್ಕಟೆ ವಕೀಲರು ಸಿಗ್ತಾರ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ ಇಲ್ಲಾ 15100ಕ್ಕ ಫೋನ್ ಹಚ್ಚ್ರಿ.

ಲೋಕ ಅದಾಲತ್‌ನಾಗ ಕಂಪನಿಯವ್ರು ಒಂದು ಮೊತ್ತ ಹೇಳ್ತಾರ. ಲಗೂನ ಮುಗೀತೈತಿ, ರೊಕ್ಕ ಬರ್ತೈತಿ, ಅದು ಖರೆ. ಆದ್ರ ಅಲ್ಲಿ ಒಪ್ಪಿದ್ದಕ್ಕ ಅಪೀಲ್ ಇಲ್ಲ, ಅದಕ್ಕ ಮ್ಯಾಲಿನ ಲೆಕ್ಕ ಒಂದು ಹಾಳ್ಯಾಗ ಮಾಡಿಕೊಂಡು ಹೋಗ್ರಿ, ಅವ್ರು ಹೇಳಿದ ಮೊತ್ತ ಅದ್ರ ಪಕ್ಕ ಬರೀರಿ, ಮನಿಯವ್ರ ಜೊತಿ ಕುಂತು ವಿಚಾರ ಮಾಡ್ರಿ. ಇನ್ನೂ ಚಿಕಿತ್ಸೆ ನಡದೈತಿ, ಪ್ಲೇಟ್ ತಗದಿಲ್ಲ ಅಂದ್ರ ನಾ ಅಂತೂ ಒಪ್ಪಬ್ಯಾಡ್ರಿ ಅಂತೀನಿ.

ಆರ್ಡರ್ ಆದ ಮ್ಯಾಲೆ ರೊಕ್ಕ ಕಡಿಮಿ ಅನಿಸಿದ್ರ 90 ದಿನದಾಗ ಹೈಕೋರ್ಟಿಗೆ ಅಪೀಲ್, ನಮಗ ಧಾರವಾಡ ಪೀಠನ ಐತಿ, ಬೆಂಗಳೂರಿಗೆ ಹೋಗೂ ತ್ರಾಸ ಇಲ್ಲ. ತೀರ್ಪಿನ ದೃಢೀಕೃತ ನಕಲಿಗೆ ಆರ್ಡರ್ ಆದ ದಿನಾನ ಅರ್ಜಿ ಕೊಡ್ರಿ. ಪರಿಹಾರದಾಗ ಒಂದಿಷ್ಟು ಎಫ್‌ಡಿ ಇಡ್ರಿ ಅಂತ ಕೋರ್ಟು ಹೇಳಬಹುದು, ಬಾಕಿದ್ದು ಪೆಟ್ಟಾದವ್ರ ಸ್ವಂತ ಖಾತೆಗೆ ಬರಬೇಕು, ಹಂಗಾಗಿ ಅರ್ಜಿ ಹಾಕೂ ಮುಂದನ ಅವ್ರ ಹೆಸರಿನ ಪಾಸ್‌ಬುಕ್, ಪ್ಯಾನ್, ಆಧಾರ್ ಮೂರರಾಗೂ ಹೆಸರಿನ ಸ್ಪೆಲ್ಲಿಂಗ್ ಒಂದ ಐತೇನು ನೋಡಿಕೊಳ್ರಿ, ನಮ್ಮ ಅಕ್ಕಂದು ಆಧಾರ್‌ನಾಗ ಗಂಡನ ಹೆಸರು ಇತ್ತು, ಪ್ಯಾನ್‌ನಾಗ ಅಪ್ಪನ ಹೆಸರು, ಅದನ್ನ ಈಗ ತಿದ್ದಸಾಕತ್ತೀವಿ.